ಮೀನೆಣ್ಣೆಯೂ ಮಧುಮೇಹವೂ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ರೋಗವುಂಟೆಂದು ತಿಳಿದೊಡನೆ ಮದ್ದು ಹೇಳುವವರಿಗೆ ಕೊರತೆಯಿರುವುದಿಲ್ಲ. ಒಬ್ಬರು ಮೆಂತ್ಯವನ್ನು ಹೇಳಿದರೆ ಮತ್ತೊಬ್ಬರು ಹಾಗಲಕಾಯಿಯ ರಸವನ್ನು ಹೊಗಳುವರು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಮೀನೆಣ್ಣೆಯ ಗುಳಿಗೆಯೂ ಬಂದು ಸೇರಿದೆ. ಹೊಂಬಣ್ಣದ ಆ ಗುಳಿಗೆಗಳು ನೋಡುವುದಕ್ಕೆ ಅಂದವಾಗಿವೆ, ಬೆಲೆಯೂ ಅಲ್ಪವಲ್ಲ. ಅವನ್ನು ನುಂಗುವುದರಿಂದ ರಕ್ತದೊಳಗಿನ ಸಕ್ಕರೆಯು ಇಳಿಯುವುದೇ ಎಂಬುದನ್ನು ಗೃಹಸ್ಥರಾದವರು ವಿಚಾರಿಸಿ ನೋಡಬೇಕಾಗಿದೆ. ಏಕೆಂದರೆ ಇಲ್ಲಿ ಪಣಕ್ಕೆ ಬಿದ್ದಿರುವುದು ಹಣವೊಂದೇ ಅಲ್ಲ. ಗುಳಿಗೆಯನ್ನು ನೆಚ್ಚಿ ವೈದ್ಯರು ಕೊಟ್ಟ ಔಷಧವನ್ನು ಕೈಬಿಟ್ಟವನ ಕಣ್ಣು, ಮೂತ್ರಪಿಂಡ, ಕಾಲುಗಳೂ ಪಣವಾಗಿರುವುವು.

ಮೊದಲು ಮೀನೆಣ್ಣೆಯೆಂದರೇನೆಂಬುದನ್ನು ತಿಳಿಯೋಣ. ಇದರಲ್ಲಿ ಎರಡು ಬಗೆ. ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆದ ಎಣ್ಣೆಯು ಒಂದು. ಅದರಲ್ಲಿ 'ಎ' ಮತ್ತು 'ಡಿ' ಜೀವಸತ್ವಗಳು ಹೇರಳವಾಗಿವೆ. ಎಲುಬು ಬಾಗುವ ಮಕ್ಕಳಿಗೆ ಹಿಂದೆ ಚಮಚದಲ್ಲಿ ಕುಡಿಸುತ್ತಿದ್ದುದು ಅದನ್ನೇ. ಸಣ್ಣ ಮೀನುಗಳ ಮೈಯ ಕೊಬ್ಬಿನಿಂದ ತೆಗೆದದ್ದು ಇನ್ನೊಂದು. ಇಂದು ಗುಳಿಗೆಗಳಲ್ಲಿ ಬರುವುದು ಬಹುಮಟ್ಟಿಗೆ ಇದೇ. ಇದರ ಸಾರವು ಒಮೆಗಾ-3 ಎಂಬ ವರ್ಗದ ಕೊಬ್ಬಿನ ಆಮ್ಲಗಳು. ಅವುಗಳಲ್ಲಿ ಮುಖ್ಯವಾದವು ಇ.ಪಿ.ಎ., ಡಿ.ಎಚ್.ಎ. ಎಂಬೆರಡು.

ಈ ಆಮ್ಲಗಳಿಗೆ ಕೀರ್ತಿ ಬಂದುದು ಹಿಮದ ನಾಡಿನಿಂದ. ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್ಬರ್ಗ್ ಎಂಬ ವೈದ್ಯರು ಗ್ರೀನ್‌ಲೆಂಡಿನ ಇನುಯಿಟ್ ಜನರ ರಕ್ತವನ್ನು ಪರೀಕ್ಷಿಸಿ 1971ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕಡಲ ಪ್ರಾಣಿಗಳ ಕೊಬ್ಬನ್ನು ಯಥೇಚ್ಛವಾಗಿ ತಿನ್ನುತ್ತಿದ್ದರೂ ಆ ಜನರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕಡಿಮೆಯಿದ್ದಿತು. ಹೃದಯಕ್ಕೆ ಹಿತವಾದುದು ಮಧುಮೇಹಕ್ಕೂ ಹಿತವಾಗಬಹುದಲ್ಲವೇ ಎಂಬ ಆಸೆಯು ಆಗ ಹುಟ್ಟಿದುದು ಸಹಜವೇ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು, ಒಮೆಗಾ-3 ಕೊಟ್ಟ ಕೊಬ್ಬಿದ ಇಲಿಗಳಲ್ಲಿ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸಮಾಡಿತೆಂದು ತೋರಿಸಿದ ಮೇಲೆ ಆಸೆಯು ಇನ್ನಷ್ಟು ಬಲಿಯಿತು.

ಆದರೆ ಇಲಿಯಲ್ಲಿ ಕಂಡುದೆಲ್ಲ ಮನುಷ್ಯನಲ್ಲಿ ಕಾಣುವುದಿಲ್ಲ. ನಿಜವನ್ನು ತಿಳಿಯಲು ವೈದ್ಯಶಾಸ್ತ್ರವು ಹಿಡಿದಿರುವ ಮಾರ್ಗವು ಸರಳವಾದುದು. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮೀನೆಣ್ಣೆಯನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ಬೇರೆ ಎಣ್ಣೆಯನ್ನೂ ಕೊಟ್ಟು ಕಾದು ನೋಡುವರು. 2008ರಲ್ಲಿ ಇಂತಹ 23 ಪ್ರಯೋಗಗಳನ್ನು, ಅಂದರೆ 1,075 ಮಧುಮೇಹಿಗಳ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದಾಗ ಟ್ರೈಗ್ಲಿಸರೈಡ್ ಇಳಿದಿದ್ದಿತು. ಸಕ್ಕರೆಯ ಹತೋಟಿಯಲ್ಲಿ ಗಣನೀಯ ವ್ಯತ್ಯಾಸವು ಕಾಣಲಿಲ್ಲ. 2019ರಲ್ಲಿ ಇಂಗ್ಲೆಂಡಿನ ಸಂಶೋಧಕರು 83 ಪ್ರಯೋಗಗಳನ್ನೂ 1,21,070 ಜನರನ್ನೂ ಒಳಗೊಂಡ ಇನ್ನೂ ದೊಡ್ಡ ಪರಿಶೀಲನೆಯನ್ನು ಪ್ರಕಟಿಸಿದರು. ಒಮೆಗಾ-3 ಸೇವನೆಯು ಮಧುಮೇಹ ಬಾರದಂತೆ ತಡೆಯುವುದಕ್ಕಾಗಲಿ, ಸಕ್ಕರೆಯನ್ನು ಇಳಿಸುವುದಕ್ಕಾಗಲಿ ಉಪಯೋಗವಾಗುವುದು ಇಲ್ಲವೆನ್ನುವಷ್ಟು ಅಲ್ಪವೆಂಬುದೇ ಅವರ ತೀರ್ಮಾನ. ದಿನಕ್ಕೆ 4.4 ಗ್ರಾಮಿಗೆ ಮೀರಿ ತೆಗೆದುಕೊಂಡರೆ ಸಕ್ಕರೆಯ ಸ್ಥಿತಿಯು ಕೆಡಲೂಬಹುದೆಂಬ ಸಂಶಯವನ್ನೂ ಅವರು ಸೂಚಿಸಿದರು. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದುದು ಸುಳ್ಳಲ್ಲ.

ಸಕ್ಕರೆ ಇಳಿಯದಿದ್ದರೂ ಮಧುಮೇಹಿಯ ಹೃದಯಕ್ಕಾದರೂ ರಕ್ಷಣೆ ದೊರೆಯುವುದೋ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ 15,480 ಮಧುಮೇಹಿಗಳ ಮೇಲೆ ಸುಮಾರು ಏಳೂವರೆ ವರ್ಷ ನಡೆದ ಪ್ರಯೋಗದ ಫಲವು 2018ರಲ್ಲಿ ಹೊರಬಂದಿತು. ಹೃದಯ ಮತ್ತು ರಕ್ತನಾಳಗಳ ಗಂಡಾಂತರವು ದಿನಕ್ಕೊಂದು ಗ್ರಾಮಿನ ಮೀನೆಣ್ಣೆಯ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 8.9 ಮಂದಿಗೆ ಒದಗಿತು. ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಲ್ಲಿ 9.2 ಮಂದಿಗೆ. ಇದನ್ನು ಭೇದವೆಂದು ಎಣಿಸುವಂತಿಲ್ಲ.

ಹಾಗಾದರೆ ಮೀನೆಣ್ಣೆಯು ನಿರರ್ಥಕವೇ? ಹಾಗೂ ಅಲ್ಲ. ಟ್ರೈಗ್ಲಿಸರೈಡ್ ಬಹಳ ಏರಿದವರಿಗೆ ವೈದ್ಯರು ದಿನಕ್ಕೆ 2ರಿಂದ 4 ಗ್ರಾಮಿನಷ್ಟು ಒಮೆಗಾ-3 ಅನ್ನು ಔಷಧವಾಗಿಯೇ ಕೊಡುವುದುಂಟು. ಅಂಗಡಿಯ ಸಾಮಾನ್ಯ ಗುಳಿಗೆಯ ಒಂದು ಗ್ರಾಮು ಎಣ್ಣೆಯಲ್ಲಿ ಈ ಸಾರವು ಅನೇಕವೇಳೆ 300 ಮಿಲಿಗ್ರಾಮಿನಷ್ಟೇ ಇರುವುದು. ಆದುದರಿಂದ ಅದನ್ನು ಇದಕ್ಕೆ ಸಮನೆಂದು ಭಾವಿಸಕೂಡದು. ದೊಡ್ಡ ಪ್ರಮಾಣದಲ್ಲಿ ಹೃದಯದ ಬಡಿತವು ತಾಳತಪ್ಪುವ ಅಪಾಯವು ಹೆಚ್ಚುವುದು. ರಕ್ತವು ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಯಕೃತ್ತಿನ ಎಣ್ಣೆಯಂತೂ 'ಎ' ಜೀವಸತ್ವದ ಆಧಿಕ್ಯದಿಂದಾಗಿ ಗರ್ಭಿಣಿಯರಿಗೆ ತಕ್ಕುದಲ್ಲ.

ಊಟದ ಮೀನಿನ ಮಾತು ಬೇರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಕರಾವಳಿಯ ಬೂತಾಯಿ, ಬಂಗುಡೆಗಳನ್ನು ಅಗ್ಗದ ಮೀನೆಂದು ಕಡೆಗಣಿಸಿ ದೂರದ ಗುಳಿಗೆಗೆ ಕೈಚಾಚುವವರಿದ್ದಾರೆ. ಇವೆರಡೂ ಎಣ್ಣೆಯಂಶದ ಮೀನುಗಳೇ. ಒಮೆಗಾ-3 ಇವುಗಳಲ್ಲಿಯೂ ಉಂಟು, ಮೇಲಾಗಿ ಒಳ್ಳೆಯ ಸಸಾರಜನಕವೂ ಉಂಟು. ಮೀನಿನಲ್ಲಿ ಪಿಷ್ಟವಿಲ್ಲದ ಕಾರಣ, ತಟ್ಟೆಯಲ್ಲಿ ಅನ್ನವನ್ನು ಕಡಿಮೆಮಾಡಿ ಮೀನಿನ ಸಾರನ್ನು ಹೆಚ್ಚಿಸಿದರೆ ಸಕ್ಕರೆಯೂ ಅಷ್ಟು ಏರಲಾರದು. ಕರಿದು ತಿನ್ನುವುದಕ್ಕಿಂತ ಬೇಯಿಸಿ ತಿನ್ನುವುದು ಮೇಲು. ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಅಗಸೆಯ ಚಟ್ನಿಪುಡಿಯುಂಟು. ಅದರಲ್ಲಿರುವುದು ಬೇರೊಂದು ಜಾತಿಯ ಒಮೆಗಾ-3. ದೇಹವು ಅದರ ಸ್ವಲ್ಪ ಭಾಗವನ್ನು ಮಾತ್ರ ಮೀನಿನ ಜಾತಿಯದನ್ನಾಗಿ ಮಾರ್ಪಡಿಸಬಲ್ಲುದು. ಆದರೂ ಆಹಾರವಾಗಿ ಅದು ಒಳ್ಳೆಯದೇ.

ಯಾವ ಮದ್ದಿನ ಗುಣವನ್ನಾದರೂ ಅಳೆಯಲು ಮಧುಮೇಹಿಗೆ ಒಂದು ನೆಚ್ಚಿನ ಸಾಧನವಿದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವುದು. ನೆರೆಹೊರೆಯ ಹೊಗಳಿಕೆಗೂ ಪೆಟ್ಟಿಗೆಯ ಮೇಲಿನ ಬರಹಕ್ಕೂ ಅದು ಮರುಳಾಗುವುದಿಲ್ಲ. ಆ ಅಂಕವನ್ನು ಇಳಿಸತಕ್ಕವುಗಳು ಮಿತವಾದ ಊಟ, ದಿನದಿನದ ನಡಿಗೆ, ಹೆಚ್ಚಾದ ಮೈತೂಕವನ್ನು ಕರಗಿಸುವುದು, ವೈದ್ಯರು ಹೇಳಿದ ಮಾತ್ರೆ ಅಥವಾ ಇನ್ಸುಲಿನ್. ಇವುಗಳ ಜೊತೆಗೆ ಮೀನೆಣ್ಣೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಣಯಿಸಲಿ. ಇವುಗಳಿಗೆ ಬದಲಾಗಿ ಮಾತ್ರ ಅದನ್ನು ಯಾರೂ ಮನೆಯೊಳಗೆ ತರದಿರಲಿ.