ಮೊದಲ 28 ದಿನಗಳು ಮತ್ತು ಫೋಲಿಕ್ ಆಮ್ಲ

ಗರ್ಭಿಣಿಯರಿಗೆ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ನೀವು ನೋಡಿರಬಹುದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ರಕ್ತಹೀನತೆಗೆ ಅದು ಒಳ್ಳೆಯ ಮದ್ದೇ. ಆದರೆ ನಾಲ್ಕನೆಯ ತಿಂಗಳಿನಿಂದ ಶುರುವಾಗುವ ಈ ಮಾತ್ರೆ ಮಗುವಿನ ಬೆನ್ನುಹುರಿಯ ಜನ್ಮದೋಷವನ್ನು ತಡೆಯಲಾರದು. ಏಕೆ?

ಎಳೆಯ ಭ್ರೂಣದ ಬೆನ್ನಿನ ಭಾಗದಲ್ಲಿ ಮೊದಲಿಗೆ ಕೋಶಗಳ ಚಪ್ಪಟೆ ಹಾಳೆಯೊಂದು ಇರುತ್ತದೆ. ಅದರ ಅಂಚುಗಳು ಮೇಲೆದ್ದು, ವೀಳ್ಯದೆಲೆ ಸುರುಳಿ ಸುತ್ತಿದಂತೆ ಬಾಗಿ, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಇದೇ ನರನಾಳ. ಮಿದುಳು, ಬೆನ್ನುಹುರಿಗಳು ಇದರಿಂದಲೇ ರೂಪುಗೊಳ್ಳುತ್ತವೆ. ಗರ್ಭಧಾರಣೆಯಾದ ಸುಮಾರು 28 ದಿನಗಳಲ್ಲಿ ಈ ನಾಳ ಮುಚ್ಚಿಕೊಂಡಿರಬೇಕು. ಮೇಲ್ತುದಿ ತೆರೆದೇ ಉಳಿದರೆ ಮಿದುಳಿನ ಬಹುಭಾಗ ಬೆಳೆಯದು. ಅಂಥ ಶಿಶು ಬದುಕುವುದಿಲ್ಲ. ಕೆಳಭಾಗ ತೆರೆದುಳಿದರೆ ‘ಸ್ಪೈನಾ ಬೈಫಿಡಾ’. ಅದು ತೀವ್ರವಾಗಿದ್ದರೆ ಕಾಲುಗಳು ಬಲಹೀನವಾಗುತ್ತವೆ, ಮಲಮೂತ್ರಗಳ ಮೇಲೆ ಹತೋಟಿ ಇರುವುದಿಲ್ಲ. 28 ದಿನವೆಂದರೆ ಮುಟ್ಟು ತಪ್ಪಿ ಎರಡು ವಾರ, ಅಷ್ಟೆ. ಎಷ್ಟೋ ತಾಯಂದಿರಿಗೆ ಆಗಿನ್ನೂ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ!

ಫೋಲೇಟ್ ಬಿ ಗುಂಪಿನ ಜೀವಸತ್ವ. ಒಂದೇ ಇಂಗಾಲದ ಪರಮಾಣುವಿರುವ ಗುಂಪುಗಳನ್ನು ಹೊತ್ತೊಯ್ದು, ಡಿಎನ್‌ಎ ತಯಾರಿಕೆಗೆ ಒದಗಿಸುವುದು ಇದರ ಕೆಲಸ. ಕೋಶಗಳು ವೇಗವಾಗಿ ವಿಭಜಿಸುವಲ್ಲಿ ಇದರ ಬೇಡಿಕೆಯೂ ಹೆಚ್ಚು.

ಈ ಕಥೆಗೂ ಭಾರತಕ್ಕೂ ನಂಟಿದೆ. 1930ರ ಸುಮಾರಿಗೆ ಮುಂಬಯಿಯಲ್ಲಿ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡರು. ಆ ಸಾರದಲ್ಲಿದ್ದದ್ದು ಫೋಲೇಟ್ ಎಂದು ಗೊತ್ತಾದದ್ದು ಆಮೇಲೆ. ಜನ್ಮದೋಷದ ಬಗ್ಗೆ ಖಚಿತ ಪುರಾವೆ ದೊರೆತದ್ದು 1991ರಲ್ಲಿ. ಹಿಂದೆ ಇಂಥ ದೋಷದ ಗರ್ಭ ಧರಿಸಿದ್ದ 1,817 ಮಹಿಳೆಯರನ್ನು ಏಳು ದೇಶಗಳಲ್ಲಿ ಪ್ರಯೋಗಕ್ಕೆ ಸೇರಿಸಿಕೊಳ್ಳಲಾಗಿತ್ತು. ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಪಡೆದವರಲ್ಲಿ 6, ಪಡೆಯದವರಲ್ಲಿ 21 ಪ್ರಕರಣಗಳು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಆದ್ದರಿಂದಲೇ ಮಗು ಬೇಕೆನ್ನುವವರಿಗೆ ಗರ್ಭ ನಿಲ್ಲುವ ಮೊದಲಿನಿಂದ ಮೂರನೆಯ ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸಲಹೆ ಮಾಡುತ್ತಾರೆ. ಹಿಂದೆ ದೋಷ ಕಂಡಿದ್ದರೆ ವೈದ್ಯರ ಉಸ್ತುವಾರಿಯಲ್ಲಿ ಹತ್ತು ಪಟ್ಟು. ಎಲ್ಲ ಪ್ರಕರಣಗಳೂ ಇದರಿಂದ ತಪ್ಪುವುದಿಲ್ಲ, ಕಾರಣಗಳು ಹಲವು.

ಸೊಪ್ಪು, ಹೆಸರುಕಾಳು, ಅಲಸಂದೆಗಳಲ್ಲಿ ಫೋಲೇಟ್ ಇದೆ. ಆದರೆ ಅದು ನೀರಿಗೆ ಇಳಿದುಬಿಡುತ್ತದೆ, ಕಾವಿಗೆ ಕೆಡುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಡುಗೆಯಲ್ಲಿ ಸ್ವಲ್ಪವಾದರೂ ಉಳಿಯುತ್ತದೆ. ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಬೇಕು. ಬಿ12 ಕೊರತೆಯಿರುವಾಗ ಹೆಚ್ಚು ಪ್ರಮಾಣದ ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಮರೆಯಾದರೂ ನರಗಳ ಹಾನಿ ಸದ್ದಿಲ್ಲದೆ ಮುಂದುವರಿಯಬಹುದು.