ಜಾಲಸಂಪರ್ಕಿತ ಸಿ.ಸಿ. ಟಿ.ವಿ. ಕ್ಯಾಮೆರಾ ಮತ್ತು ಆಂಟಿವೈರಸ್ ತಂತ್ರಾಂಶ: ಬಳಕೆದಾರರಿಗೆ ಮಾಹಿತಿ

ಕಾರ್ಕಳ–ಪಡುಬಿದ್ರಿ ರಸ್ತೆಯಲ್ಲಿರುವ ಬೆಳ್ಮಣ್‌ನಂತಹ ಪೇಟೆಗಳಲ್ಲಿ ಕ್ಯಾಮೆರಾಗಳ ದೃಶ್ಯವನ್ನು ಪ್ರತ್ಯೇಕ ರೆಕಾರ್ಡರ್ ಇಲ್ಲದೆ, ಲೆಕ್ಕಪತ್ರ ಬರೆಯುವ ಕಂಪ್ಯೂಟರಿನಲ್ಲಿಯೇ ದಾಖಲಿಸಿಕೊಳ್ಳುವ ಅಂಗಡಿದಾರರು ಇರುತ್ತಾರೆ. ಅದೇ ಕಂಪ್ಯೂಟರಿನಲ್ಲಿರುವ ಆಂಟಿವೈರಸ್ ಕೆಲವೊಮ್ಮೆ ಕ್ಯಾಮೆರಾ ತಂತ್ರಾಂಶವನ್ನು ತಡೆಹಿಡಿಯುತ್ತದೆ. ಅಂತಹ ಸಂದರ್ಭದಲ್ಲಿ ಆಂಟಿವೈರಸ್ಸನ್ನೇ ನಿಷ್ಕ್ರಿಯಗೊಳಿಸತಕ್ಕದ್ದಲ್ಲ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶವು ತಯಾರಕರು ನೀಡಿದ ಮೂಲ ಪಾಸ್‌ವರ್ಡ್ ಬದಲಾಯಿಸದಿದ್ದ ಕ್ಯಾಮೆರಾ ಹಾಗೂ ರೆಕಾರ್ಡರುಗಳನ್ನು ಅಪಾರ ಸಂಖ್ಯೆಯಲ್ಲಿ ವಶಪಡಿಸಿಕೊಂಡು ಅಂತರಜಾಲ ಸೇವೆಗಳ ಮೇಲೆ ದಾಳಿ ನಡೆಸಿತ್ತು. ಕ್ಯಾಮೆರಾದೊಳಗೆ ಆಂಟಿವೈರಸ್ ಅಳವಡಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲವಾದ್ದರಿಂದ ಅದೇ ಜಾಲದಲ್ಲಿರುವ ಕಂಪ್ಯೂಟರಿನ ರಕ್ಷಣೆ ಅತ್ಯಗತ್ಯ.

ಕರಾವಳಿಯಲ್ಲಿ ಸಿಡಿಲಿಗೆ ರೂಟರ್ ಕೆಟ್ಟು ಹೊಸದನ್ನು ಜೋಡಿಸಿದ ತರುವಾಯ ಕ್ಯಾಮೆರಾ ಕಾಣದಾದರೆ ಆಂಟಿವೈರಸ್ಸನ್ನು ದೂಷಿಸುವ ಮೊದಲು ಒಂದು ಅಂಶವನ್ನು ಪರಿಶೀಲಿಸಬೇಕು. ಹೊಸ ರೂಟರನ್ನು ವಿಂಡೋಸ್ ಹೊಸ ಜಾಲವೆಂದೇ ಭಾವಿಸಿ 'ಪಬ್ಲಿಕ್' ವರ್ಗಕ್ಕೆ ಸೇರಿಸುವುದುಂಟು. ಆಗ ಫೈರ್‌ವಾಲ್ ಬಿಗಿಯಾಗುತ್ತದೆ. ಜಾಲವು ಸ್ವಂತದ್ದೇ ಆಗಿದ್ದಲ್ಲಿ ಅದನ್ನು 'ಪ್ರೈವೇಟ್' ಎಂದು ಬದಲಾಯಿಸಬಹುದು. ಕ್ಯಾಮೆರಾಗಳ ಐ.ಪಿ. ವಿಳಾಸವೂ ಬದಲಾಗಿರುವ ಸಂಭವವಿರುವುದರಿಂದ ಪ್ರತಿಯೊಂದಕ್ಕೂ ರೂಟರಿನಲ್ಲಿ ಸ್ಥಿರ ವಿಳಾಸ ಕಾಯ್ದಿರಿಸುವುದು ಸೂಕ್ತ.

ಹುಡುಕಾಟದಲ್ಲಿ ಕಾಣದ ಕ್ಯಾಮೆರಾ, ಅದರ ವಿಳಾಸವನ್ನು ನೇರವಾಗಿ ನಮೂದಿಸಿದಾಗ ದೃಶ್ಯ ತೋರಿಸಿದರೆ ತಡೆ ಇರುವುದು ಹುಡುಕಾಟಕ್ಕೆ ಮಾತ್ರ. ಓನ್‌ವಿಫ್ ಮಾದರಿಯ ಹುಡುಕಾಟವು ಯು.ಡಿ.ಪಿ. 3702ನೇ ಪೋರ್ಟನ್ನು ಬಳಸುತ್ತದೆ. ದೃಶ್ಯವೇ ಬಾರದಿದ್ದಲ್ಲಿ ಆರ್.ಟಿ.ಎಸ್.ಪಿ.ಯ 554ನೇ ಪೋರ್ಟಿಗೆ ತಡೆಯಿದೆಯೇ ಎಂದು ಫೈರ್‌ವಾಲ್‌ನ ದಾಖಲೆಯಲ್ಲಿ ನೋಡಬೇಕು. ಅನುಮತಿಯನ್ನು ಕ್ಯಾಮೆರಾ ತಂತ್ರಾಂಶಕ್ಕೆ, ಕ್ಯಾಮೆರಾಗಳ ವಿಳಾಸಗಳಿಗೆ ಸೀಮಿತಗೊಳಿಸಿಯೇ ನೀಡತಕ್ಕದ್ದು. ಈ ಪೋರ್ಟುಗಳನ್ನು ರೂಟರಿನ ಮೂಲಕ ಹೊರಜಾಲಕ್ಕೆ ತೆರೆಯುವುದು ಬೇರೆಯೇ ವಿಷಯ, ಅದು ಅಪಾಯಕರ.

ತಂತ್ರಾಂಶದ ಕಡತವನ್ನೇ ಆಂಟಿವೈರಸ್ ಪ್ರತ್ಯೇಕಿಸಿ ಇಟ್ಟಿದ್ದರೆ ಕೂಡಲೇ ಮರಳಿಸಕೂಡದು. ತಯಾರಕರ ಅಧಿಕೃತ ಜಾಲತಾಣದಿಂದ ಹೊಸ ಆವೃತ್ತಿಯನ್ನು ಪಡೆದು ಅಳವಡಿಸಿ, ಆಗಲೂ ತಡೆಯಾದಲ್ಲಿ ಆಂಟಿವೈರಸ್ ಸಂಸ್ಥೆಗೆ ಪರಿಶೀಲನೆಗಾಗಿ ಕಳುಹಿಸಬೇಕು. ಅಳವಡಿಸಿದ ತಂತ್ರಜ್ಞರು ಪೆನ್‌ಡ್ರೈವ್‌ನಲ್ಲಿ ಕೊಟ್ಟುಹೋದ ಪ್ರತಿ ಯಾವ ಕಾಲದ್ದೆಂದು ಹೇಳುವುದು ಕಷ್ಟ.

ದೃಶ್ಯವಿದ್ದೂ ದಾಖಲಾತಿ ತುಂಡುತುಂಡಾಗುತ್ತಿದ್ದರೆ, ಕಂಪ್ಯೂಟರ್ ನಿಧಾನವಾಗಿದ್ದರೆ, ಬರೆಯಲಾಗುತ್ತಿರುವ ಪ್ರತಿ ಕಡತವನ್ನೂ ಆಂಟಿವೈರಸ್ ತಪಾಸಿಸುತ್ತಿರುವುದು ಒಂದು ಕಾರಣವಾಗಿರಬಹುದು. ದಾಖಲಾತಿಗೆ ಪ್ರತ್ಯೇಕ ಫೋಲ್ಡರ್ ಮಾಡಿ, ಅದೊಂದಕ್ಕೆ ಮಾತ್ರ ತಪಾಸಣೆಯಿಂದ ವಿನಾಯಿತಿ ನೀಡಬಹುದು. ಇಡೀ ಡ್ರೈವ್‌ಗೆ ನೀಡಕೂಡದು.

ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017ರ ವ್ಯಾಪ್ತಿಗೆ ಬರುವ ಸಂಸ್ಥೆಗಳು ದೃಶ್ಯಾವಳಿಯನ್ನು 30 ದಿನಗಳ ಕಾಲ ಇರಿಸಿಕೊಳ್ಳಬೇಕಾಗಿದೆ. ವ್ಯಾಪ್ತಿಗೆ ಬಾರದವರೂ ಈ ಅವಧಿಯನ್ನು ಪಾಲಿಸುವುದು ಲೇಸು. ಪರದೆಯ ಮೇಲೆ ನೇರ ದೃಶ್ಯ ಕಾಣುತ್ತಿದೆ ಎಂದ ಮಾತ್ರಕ್ಕೆ ಅದು ದಾಖಲಾಗುತ್ತಿದೆ ಎಂದರ್ಥವಲ್ಲ. ಕಳ್ಳತನವಾದ ಮರುದಿನ ಪೊಲೀಸರು ಕೇಳುವುದು ದಾಖಲೆಯನ್ನು. ಆದ್ದರಿಂದ ಆಂಟಿವೈರಸ್ ನವೀಕರಣಗೊಂಡಾಗಲೆಲ್ಲ ಹಿಂದಿನ ರಾತ್ರಿಯ ಹಾಗೂ ಸುಮಾರು 29 ದಿನ ಹಿಂದಿನ ದೃಶ್ಯವನ್ನು ತೆರೆದು, ದಿನಾಂಕ ಮತ್ತು ವೇಳೆ ಸರಿಯಿವೆಯೇ ಎಂದು ನೋಡಿಕೊಳ್ಳತಕ್ಕದ್ದು.

ಕಂಪ್ಯೂಟರಿಗೆ ಕುತಂತ್ರಾಂಶ ತಗುಲಿರುವ ಸಂಶಯವಿದ್ದವರು ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಿಂದ ನಿವಾರಣಾ ಸಾಧನಗಳನ್ನು ಉಚಿತವಾಗಿ ಪಡೆಯಬಹುದಾಗಿದೆ.