ಹೆರಿಗೆಯಲ್ಲಿ ಬೆನ್ನಿನ ಅರಿವಳಿಕೆ: ಭಯವೆಷ್ಟು, ನಿಜವೆಷ್ಟು?

‘ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು’ ಎಂಬುದು ನಮ್ಮ ಹಿರಿಯರ ಮಾತು. ಅದರ ಅರ್ಥ ನನಗೆ ತಿಳಿದದ್ದು, ನನ್ನ ಕಿರಿಯ ತಂಗಿಯು ಚೊಚ್ಚಲ ಹೆರಿಗೆಗೆಂದು ಶಿವಮೊಗ್ಗದಿಂದ ಮಣಲಿಯ ನಮ್ಮ ಮನೆಗೆ ಬಂದಾಗ. ನೋವು ಆರಂಭವಾಗಿ ಹದಿನಾಲ್ಕು ಗಂಟೆ ಕಳೆದರೂ ಹೆರಿಗೆಯಾಗಲಿಲ್ಲ. ಸಿಸೇರಿಯನ್ ಅನಿವಾರ್ಯವೆಂದೂ, ಅದಕ್ಕಾಗಿ ಬೆನ್ನಿಗೆ ಅರಿವಳಿಕೆ ಕೊಡಬೇಕೆಂದೂ ತಿಳಿಸಿದ ವೈದ್ಯರು ಒಪ್ಪಿಗೆಪತ್ರವನ್ನು ಮುಂದಿಟ್ಟರು. ‘ಬೆನ್ನಿಗೆ ಸೂಜಿ ಬೇಡಪ್ಪಾ, ಜನ್ಮವೆಲ್ಲಾ ಸೊಂಟನೋವು ತಪ್ಪುವುದಿಲ್ಲ’ ಎಂದು ನಮ್ಮ ತಾಯಿಯವರು ಕಣ್ಣೀರಿಟ್ಟರು. ಓದದೆ ರುಜು ಹಾಕಬಾರದೆಂದು ಬ್ಯಾಂಕಿನ ಗ್ರಾಹಕರಿಗೆ ದಿನವೂ ಬುದ್ಧಿ ಹೇಳುವ ನಾನು, ಅಂದು ಓದಿದರೂ ಅರ್ಥವಾಗದೆ ಲೇಖನಿ ಹಿಡಿದು ನಿಂತೆ.

ಅರಿವಳಿಕೆ ತಜ್ಞೆಯು ಐದು ನಿಮಿಷ ಕುಳಿತು ವಿವರಿಸಿದರು. ಅಂದು ಕೇಳಿದುದನ್ನೂ, ಆನಂತರ ಓದಿ ತಿಳಿದುದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವಾಣಿಜ್ಯ ಪದವೀಧರನೇ ಹೊರತು ವೈದ್ಯನಲ್ಲ. ಕೊನೆಯ ಮಾತು ವೈದ್ಯರದೇ.

ನಮ್ಮ ಮದರಾಸಿನ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯ ಆರಂಭ 1844ರಲ್ಲಿ. ಹೆರಿಗೆಯ ನೋವಿಗೆ ಮದ್ದೆಂಬುದು ಅಂದು ಇರಲಿಲ್ಲ. 1847ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದರು. 1898ರಲ್ಲಿ ಜರ್ಮನಿಯ ಆಗಸ್ಟ್ ಬೀಯರ್ ಬೆನ್ನಿನ ಮೂಲಕ ಕೊಕೇನ್ ಕೊಟ್ಟು ಶಸ್ತ್ರಕ್ರಿಯೆ ನಡೆಸಿದರು. ತಮ್ಮ ಮೇಲೆಯೇ ಪ್ರಯೋಗ ಮಾಡಿಸಿಕೊಂಡು ಹಲವು ದಿನ ತಲೆನೋವಿನಿಂದ ಬಳಲಿದರು. 1921ರಲ್ಲಿ ಸ್ಪೇನಿನ ಫಿಡೆಲ್ ಪಾಖೆಸ್ ಎಪಿಡ್ಯೂರಲ್ ವಿಧಾನವನ್ನು ಪ್ರಕಟಿಸಿದರು. ಇಂದು ಕೊಕೇನ್ ಇಲ್ಲ. ಬ್ಯೂಪಿವಕೇನ್‌ನಂತಹ ಸುರಕ್ಷಿತ ಔಷಧಗಳಿವೆ.

ಬೆನ್ನುಹುರಿಗೆ ಸೂಜಿ ತಗುಲಿ ಕಾಲು ಬಿದ್ದುಹೋದರೆ ಎಂಬುದು ಎಲ್ಲರ ಮೊದಲ ಭಯ. ವಯಸ್ಕರಲ್ಲಿ ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ ಒಂದನೆಯ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲಿ ಮುಗಿಯುತ್ತದೆ. ಸೂಜಿಯನ್ನು ಚುಚ್ಚುವುದು ಅದಕ್ಕಿಂತ ಕೆಳಗೆ, ಬಹುಮಟ್ಟಿಗೆ ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಮೂಳೆಗಳ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರಗಳ ಎಳೆಗಳು ಮಾತ್ರ. ನರಗಳಿಗೆ ಶಾಶ್ವತ ಹಾನಿಯಾಗುವುದು ಅತ್ಯಂತ ವಿರಳ.

ಈ ಅರಿವಳಿಕೆಯಲ್ಲಿ ಎರಡು ಬಗೆ. ‘ಸ್ಪೈನಲ್’ ವಿಧಾನದಲ್ಲಿ ಸೂಜಿಯು ಹೊದಿಕೆಯನ್ನು ದಾಟಿ ದ್ರವವನ್ನು ಸೇರುತ್ತದೆ. ಎರಡು-ಮೂರು ಮಿಲಿಲೀಟರ್ ಔಷಧ ಸಾಕು; ಕೆಲವೇ ನಿಮಿಷಗಳಲ್ಲಿ ಎದೆಯ ಕೆಳಗೆ ನೋವು ತಿಳಿಯದು. ಸಿಸೇರಿಯನ್‌ಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ. ‘ಎಪಿಡ್ಯೂರಲ್’ ವಿಧಾನದಲ್ಲಿ ಹೊದಿಕೆಯ ಹೊರಗೇ ಒಂದು ಸಣ್ಣ ನಳಿಕೆಯನ್ನಿರಿಸಿ, ಬೇಕಾದಂತೆ ಔಷಧ ಕೊಡುತ್ತಾರೆ. ಪರಿಣಾಮಕ್ಕೆ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಆದರೆ ಹೆರಿಗೆ ಮುಗಿಯುವವರೆಗೂ ನೋವನ್ನು ಹತೋಟಿಯಲ್ಲಿಡಬಹುದು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಒಂದೇ ಬಾರಿಗೆ ಕೊಡುವ ಸಾಲ. ಎರಡನೆಯದು ಬೇಕಾದಾಗ ಬೇಕಾದಷ್ಟೇ ತೆಗೆಯುವ ಓವರ್‌ಡ್ರಾಫ್ಟ್. ಎರಡರಲ್ಲಿಯೂ ತಾಯಿಗೆ ಎಚ್ಚರವಿರುತ್ತದೆ. ಮಗುವಿನ ಮೊದಲ ಅಳು ಅವಳ ಕಿವಿಗೆ ಬೀಳುತ್ತದೆ.

ಜಮಾ ಬದಿಯನ್ನು ಹೇಳಿದ ಮೇಲೆ ಖರ್ಚಿನ ಬದಿಯನ್ನು ಮರೆಮಾಚಬಾರದು. ರಕ್ತದೊತ್ತಡ ಇಳಿಯಬಹುದು, ಅದಕ್ಕಾಗಿಯೇ ರಕ್ತನಾಳದ ಮೂಲಕ ದ್ರವವನ್ನೂ ಔಷಧವನ್ನೂ ಕೊಡುತ್ತಾರೆ. ನಡುಕ, ತುರಿಕೆ, ಮೂತ್ರಕಟ್ಟು ಕೆಲವರಲ್ಲಿ ಕಾಣಿಸುತ್ತವೆ. ಬೀಯರ್ ಅನುಭವಿಸಿದ ತಲೆನೋವು ದ್ರವವು ಸೋರುವುದರಿಂದ ಬರುವಂತಹುದು. ಇಂದಿನ ತೆಳುಸೂಜಿಗಳಿಂದ ಅದು ಕಡಿಮೆಯಾಗಿದೆ, ಬಂದರೂ ಚಿಕಿತ್ಸೆಯಿದೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ದೀರ್ಘಕಾಲದ ಸೊಂಟನೋವು ಮಾತ್ರ ಅರಿವಳಿಕೆ ಪಡೆಯದೆ ಹೆತ್ತವರಲ್ಲಿಯೂ ಉಂಟು. ಅದಕ್ಕೆ ಬಸಿರಿನ ಭಾರ, ಸಡಿಲವಾದ ಸಂದುಗಳು, ಮಗುವನ್ನು ಬಾಗಿ ಎತ್ತುವುದು ಕಾರಣ. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚುತ್ತದೆಂಬ ಮಾತನ್ನೂ ಅಧ್ಯಯನಗಳು ಒಪ್ಪಿಲ್ಲ. ಹೆರಿಗೆಯ ಅವಧಿ ಸ್ವಲ್ಪ ಬೆಳೆಯಬಹುದು, ಅಷ್ಟೆ.

ರಕ್ತ ಹೆಪ್ಪುಗಟ್ಟದ ದೋಷ, ರಕ್ತವನ್ನು ತೆಳುಗೊಳಿಸುವ ಔಷಧ, ಸೂಜಿ ಚುಚ್ಚುವ ಜಾಗದಲ್ಲಿ ಸೋಂಕು, ಹಿಂದೆ ಆದ ಬೆನ್ನಿನ ಶಸ್ತ್ರಕ್ರಿಯೆ, ಔಷಧದ ಅಲರ್ಜಿ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಇದನ್ನೆಲ್ಲಾ ಕೇಳಿ ತಿಳಿಯಲು ಏಳೆಂಟನೆಯ ತಿಂಗಳೇ ಸಕಾಲ. ನೋವು ಬಂದ ನಡುರಾತ್ರಿಯಲ್ಲ.

ಇನ್ನು ರುಜುವಿನ ವಿಷಯ. ವಯಸ್ಕಳೂ ನಿರ್ಧರಿಸಲು ಸಮರ್ಥಳೂ ಆದ ರೋಗಿಯ ಬದಲು ಆಕೆಯ ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಅಂದು ನನಗೆ ಈ ಕಾನೂನು ತಿಳಿದಿರಲಿಲ್ಲ. ತಜ್ಞೆಯ ಮಾತನ್ನು ನೋವಿನ ನಡುವೆಯೂ ಪೂರ್ತಿ ಆಲಿಸಿದ ತಂಗಿಯು, ‘ಅಣ್ಣಾ, ಬೆನ್ನು ನನ್ನದು. ಕಾಗದ ಇಲ್ಲಿ ಕೊಡು’ ಎಂದಳು. ಅವಳೇ ರುಜು ಹಾಕಿದಳು.

ಒಂದು ಗಂಟೆಯೊಳಗೆ ಹೆಣ್ಣುಮಗು ಹುಟ್ಟಿತು. ಬಾಣಂತನದಲ್ಲಿ ತಂಗಿಗೆ ಸೊಂಟ ನೋಯಲಿಲ್ಲವೇ ಎಂದು ಕೇಳುವಿರಾದರೆ, ನೋಯಿತು. ‘ನನಗೂ ನಿನ್ನನ್ನು ಹೆತ್ತಾಗ ನೋಯುತ್ತಿತ್ತು, ಆಗ ಯಾವ ಸೂಜಿಯೂ ಇರಲಿಲ್ಲ’ ಎಂದು ಎಣ್ಣೆ ತಿಕ್ಕುತ್ತಾ ಹೇಳಿದವರು ನಮ್ಮ ತಾಯಿಯವರೇ.